ರಕ್ತಪಿಪಾಸುಗಳ ಕಥೆ ಮತ್ತು ನಮ್ಮ ಮಕ್ಕಳು

ಆಳಂದ, ಅಫಜಲಪುರ, ಜೇವರ್ಗಿಗಳ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ರಕ್ತ ಹೀರುವವರ ಪ್ರೇಮಕಥೆ ಬಂದರೆ ಹಿರಿಯರಾದ ನಾವು ಬೆಚ್ಚುತ್ತೇವೆ. ಬೆಚ್ಚುವ ಮುನ್ನ ಓದಿ ನೋಡುವುದು ಲೇಸು.

ಅಮೆರಿಕದ ಲೇಖಕಿ ರಿಷೆಲ್ ಮೀಡ್ ಅವರ 'ವ್ಯಾಂಪೈರ್ ಅಕಾಡೆಮಿ' ಮಾಲೆಯ ಆರು ಕಾದಂಬರಿಗಳು 2007ರಿಂದ 2010ರ ಅವಧಿಯಲ್ಲಿ ಪ್ರಕಟವಾದವು. ಅದರಲ್ಲಿ ಮೊರೊಯ್ ಎಂಬ ಕುಲದವರು ಒಪ್ಪಿ ಕೊಟ್ಟವರ ರಕ್ತದಿಂದ ಬಾಳುತ್ತಾರೆ, ನೀರು, ಬೆಂಕಿ, ಗಾಳಿ, ಮಣ್ಣನ್ನು ಆಳುವ ಮಾಯಾಶಕ್ತಿ ಅವರಿಗುಂಟು, ದೇವಾಲಯಕ್ಕೂ ಹೋಗುತ್ತಾರೆ. ಅವರಲ್ಲೊಬ್ಬನು ರಕ್ತ ಹೀರುತ್ತಾ ಬೇಕೆಂದೇ ಕೊಂದರೆ ಅಮರನಾಗುತ್ತಾನೆ. ಆದರೆ ಮಾಯಾಶಕ್ತಿ ಅಳಿಯುತ್ತದೆ, ಪವಿತ್ರ ನೆಲ ಅವನಿಗೆ ಮುಚ್ಚಿಹೋಗುತ್ತದೆ. ಹಸಿವು ಪಾಪವಲ್ಲ, ಅದಕ್ಕೆ ಮಣಿದು ಕೊಲ್ಲುವ ಸಮ್ಮತಿಯೇ ಪಾಪ. ಶೋಧನೆಯ ಕುರಿತು ಧರ್ಮೋಪದೇಶದಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೇ?

ಗೆಳತಿ ಲಿಸ್ಸಾಳಿಗಾಗಿ ಪ್ರಾಣವನ್ನೇ ಒಡ್ಡುವ ರೋಸ್ ಓದುಗರ ಮನಸ್ಸನ್ನು ಗೆಲ್ಲುತ್ತಾಳೆ. ಆದರೆ ಹದಿನೇಳರ ಆಕೆ ತನಗಿಂತ ಏಳು ವರ್ಷ ಹಿರಿಯನಾದ ಶಿಕ್ಷಕನಲ್ಲಿ ಅನುರಕ್ತಳಾಗುವುದನ್ನು ನಾವು ಒಪ್ಪಲಾರೆವು. ಅದನ್ನು ಮಗಳೊಡನೆ ಬಿಚ್ಚಿ ಮಾತನಾಡಬೇಕು. ಪುಸ್ತಕವನ್ನು ಕಿತ್ತುಕೊಂಡರೆ ಆಕೆ ಕದ್ದು ಓದಿಯಾಳು. ನಾವು ಆಡಬೇಕಿದ್ದ ಮಾತು ಮಾತ್ರ ಉಳಿದುಹೋದೀತು. ಆಕೆ ಸಂತೋಷದಿಂದ ಓದಲಿ, ಜೊತೆಗೆ ನಾವೂ ಓದೋಣ.