ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ

ಪರದೇಶದ ಹೋಟೆಲಿನಲ್ಲಿ ಇಳಿದುಕೊಳ್ಳುವಾಗ ಕೌಂಟರಿನವನು ಪಾಸ್‌ಪೋರ್ಟ್ ಕೇಳುತ್ತಾನೆ. ಕೊಡುತ್ತೇವೆ. ಅವನು ನೋಡಿ, ಬೇಕಾದ್ದನ್ನು ಬರೆದುಕೊಂಡು ಹಿಂದಕ್ಕೆ ಕೊಟ್ಟರೆ ಮಾತಿಲ್ಲ. ಆದರೆ ಎಷ್ಟೋ ಕಡೆ ಅದು ಅವನ ಬೆನ್ನ ಹಿಂದಿನ ಗೂಡಿಗೆ ಸೇರುತ್ತದೆ. 'ನಾಳೆ ಬೆಳಿಗ್ಗೆ ಕೊಡುತ್ತೇವೆ' ಎನ್ನುತ್ತಾನೆ. ಕೆಲವು ಕಡೆ 'ರೂಮು ಖಾಲಿ ಮಾಡುವಾಗ' ಎನ್ನುತ್ತಾನೆ. ನಮ್ಮವರು ತಲೆಯಾಡಿಸಿ, ಬೀಗದ ಕೈ ತೆಗೆದುಕೊಂಡು ಲಿಫ್ಟಿನ ಕಡೆ ನಡೆಯುತ್ತಾರೆ. ಈ ತಲೆಯಾಡಿಸುವುದರ ಬಗ್ಗೆಯೇ ನನ್ನ ತಕರಾರು.

ಭೀಮನಬೀಡಿನವನಿಗೆ ಪರದೇಶದ ಹೋಟೆಲಿನ ಉಸಾಬರಿ ಯಾಕೆ ಎಂದು ಕೇಳಬಹುದು. ಕಾಲ ಬದಲಾಗಿದೆ. ಅರಿಸಿನ, ಚೆಂಡುಹೂವು ಬೆಳೆದ ಅಪ್ಪ ಅಮ್ಮನಿಗೆ ಬೆಂಗಳೂರಿನಲ್ಲಿರುವ ಮಗ ಟಿಕೇಟು ತೆಗೆಸಿ ಸಿಂಗಪುರ, ಬ್ಯಾಂಕಾಕ್ ತೋರಿಸುವ ಕಾಲ ಇದು. ಅಲ್ಲದೆ, ಕೇಳಿದ್ದನ್ನೆಲ್ಲ ಒಪ್ಪಿಸಿಬಿಡುವ ಅಭ್ಯಾಸವನ್ನು ನಾವು ವಿಮಾನ ಹತ್ತಿದ ಮೇಲೆ ಕಲಿಯುವುದಿಲ್ಲ. ಇಲ್ಲೇ, ಗುಂಡ್ಲುಪೇಟೆಯ ಹೆದ್ದಾರಿಯಲ್ಲೇ ಕಲಿತಿರುತ್ತೇವೆ.

ಬಂಡೀಪುರದ ಕಾಡಿನೊಳಗಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆನೆ, ಜಿಂಕೆಗಳ ಪ್ರಾಣ ಉಳಿಸಿದ ಒಳ್ಳೆಯ ಕಾನೂನು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಊಟಿಗೋ ಸುಲ್ತಾನ್ ಬತ್ತೇರಿಗೋ ಹೊರಟವರು ಗೇಟು ಹಾಕಿದ ಮೇಲೆ ಬಂದರೆ ಊರಿನ ಲಾಡ್ಜೇ ಗತಿ. ಇಂಥ ಒಂದು ಲಾಡ್ಜಿನಲ್ಲಿ ಒಮ್ಮೆ ನೆಂಟರಿಗೆ ರೂಮು ಮಾಡಿಸಲು ಹೋಗಿದ್ದೆ. 'ಸಾರ್, ಒರಿಜಿನಲ್ ಇಲ್ಲೇ ಇರ್ಲಿ, ಬೆಳಿಗ್ಗೆ ಹೋಗೋವಾಗ ಇಸ್ಕೊಳ್ಳಿ' ಎಂದು ಹುಡುಗ ಆಧಾರ್ ಕಾರ್ಡನ್ನು ಡ್ರಾಯರಿಗೆ ಹಾಕಿಕೊಂಡ. ಯಾಕಪ್ಪ ಎಂದು ನಾನು ಕೇಳುವಷ್ಟರಲ್ಲಿ ನಮ್ಮ ಜೊತೆಗಿದ್ದ ಹಿರಿಯರೇ ನನ್ನ ಮೇಲೆ ರೇಗಿದರು: 'ಕೊಟ್ಬುಡು ಕಣಪ್ಪ, ಅವ್ರೇನ್ ತಿಂದ್ಕಂಡಾರಾ?'

ತಿಂದುಕೊಳ್ಳುವುದಿಲ್ಲ, ನಿಜ. ಆದರೆ ಇಟ್ಟುಕೊಳ್ಳುವ ಹಕ್ಕು ಯಾರು ಕೊಟ್ಟರು? 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿ, ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಆಧಾರ್ ನಕಲುಗಳನ್ನು ಸಂಗ್ರಹಿಸಿಟ್ಟುಕೊಳ್ಳುವಂತಿಲ್ಲ ಎಂದಿತು. ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು, ಜನ ತಪ್ಪು ತಿಳಿಯಬಹುದಂತೆ! ಸರಿಯಾಗಿ ತಿಳಿದುಕೊಂಡು ಪ್ರಶ್ನೆ ಕೇಳಿಯಾರು ಎಂಬುದೇ ಭಯವಿದ್ದಿರಬೇಕು. ಬರಿಯ ನಕಲಿನ ಪಾಡೇ ಇದು. ಅಸಲನ್ನೇ ಹಿಡಿದಿಡುವುದಕ್ಕೆ ಏನೆನ್ನೋಣ?

ಪಾಸ್‌ಪೋರ್ಟಿನ ವಿಷಯ ಇನ್ನೂ ಗಟ್ಟಿ. 1967ರ ಪಾಸ್‌ಪೋರ್ಟ್ ಕಾಯಿದೆಯ 17ನೇ ಕಲಮು ಓದಿ. ಆ ಪುಸ್ತಕ ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು. ನಿಮ್ಮ ಹೆಸರು, ನಿಮ್ಮ ಮುಖ, ನೀವೇ ಶುಲ್ಕ ಕಟ್ಟಿದ್ದು, ಆದರೂ ಅದು ನಿಮ್ಮದಲ್ಲ. ಪುಸ್ತಕದ ಎಚ್ಚರಿಕೆಯ ಪುಟದಲ್ಲೇ ಅಚ್ಚಾಗಿದೆ: ಅದು ಹೊಂದಿದವನ ಬಳಿ ಅಥವಾ ಅವನು ಅಧಿಕಾರ ಕೊಟ್ಟವನ ಬಳಿ ಇರತಕ್ಕದ್ದು. ರಾತ್ರಿ ಪಾಳಿಯ ಹುಡುಗನಿಗೆ ನೀವು ಯಾವಾಗ ಅಧಿಕಾರ ಕೊಟ್ಟಿರಿ? ನಮ್ಮ ಪೊಲೀಸರಿಗೂ ಇದರಲ್ಲಿ ಮಿತಿಯುಂಟು. ಸುರೇಶ್ ನಂದಾ ಮೊಕದ್ದಮೆಯಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಪೊಲೀಸರು ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಬಹುದು, ಮುಟ್ಟುಗೋಲು ಹಾಕಿಕೊಂಡು ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದು ಎಂದು. ಸಿಬಿಐಗೇ ಇಲ್ಲದ ಅಧಿಕಾರವನ್ನು ನಾವು ಹೋಟೆಲಿನ ಗುಮಾಸ್ತನಿಗೆ ನಗುನಗುತ್ತಾ ಕೊಟ್ಟು ಬರುತ್ತೇವೆ.

'ಅಲ್ಲಿನ ಕಾನೂನು ಹಾಗಿದೆಯಲ್ಲ' ಎಂಬುದು ಸಿದ್ಧ ಉತ್ತರ. ಹೆಚ್ಚಿನ ಕಡೆ ಹಾಗಿಲ್ಲ. ಯೂರೋಪಿನ ಶೆಂಗೆನ್ ದೇಶಗಳ 1990ರ ಒಪ್ಪಂದದ 45ನೇ ವಿಧಿ ಕೇಳುವುದು ಇಷ್ಟೇ: ಹೊರದೇಶದ ಅತಿಥಿ ನೋಂದಣಿ ಪತ್ರ ತುಂಬಿ ಸಹಿ ಹಾಕಬೇಕು, ಗುರುತಿನ ದಾಖಲೆ ಹಾಜರುಪಡಿಸಬೇಕು. ಇಟಲಿಯಲ್ಲಿ ಹೋಟೆಲಿನವರು ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕು, ವಿವರವನ್ನು, ಪುಸ್ತಕವನ್ನಲ್ಲ. ನಮ್ಮ ದೇಶವೂ ಅಷ್ಟೇ. ಮೈಸೂರಿನ ಹೋಟೆಲಿಗೆ ಜರ್ಮನಿಯವನು ಬಂದರೆ ಮಾಲೀಕ ಫಾರಂ ತುಂಬಿ ಕಳಿಸಬೇಕು. 1946ರ ವಿದೇಶಿಯರ ಕಾಯಿದೆ ಹೋಗಿ 2025ರಲ್ಲಿ ಹೊಸ ಕಾಯಿದೆ ಬಂದಾಗಲೂ ಹೋಟೆಲಿನವರ ಮೇಲಿನ ಈ ಹೊಣೆ ಉಳಿಯಿತು. ಎಲ್ಲೆಲ್ಲೂ ಕ್ರಿಯಾಪದ ಒಂದೇ, ತೋರಿಸು. ಅದನ್ನು 'ಬಿಟ್ಟು ಹೋಗು' ಎಂದು ಓದಿದವರು ಕೌಂಟರಿನವರು, ಓದಲು ಬಿಟ್ಟವರು ನಾವು.

ಹೋಟೆಲಿನವರಿಗೂ ಕಷ್ಟವಿದೆ. ಬಾಡಿಗೆ ಕೊಡದೆ ಪರಾರಿಯಾಗುವವರಿದ್ದಾರೆ, ಟವೆಲು ಮಡಚಿ ಪೆಟ್ಟಿಗೆಗೆ ಹಾಕುವವರಿದ್ದಾರೆ. ಅದಕ್ಕೆ ಮುಂಗಡ ಹಣ ಇಸಿದುಕೊಳ್ಳಲಿ. ಸರ್ಕಾರದ ಸ್ವತ್ತನ್ನು ಒಂದು ರಾತ್ರಿಯ ಬಾಡಿಗೆಗೆ ಒತ್ತೆ ಇಡುವುದು ಯಾವ ಲೆಕ್ಕ? ಓಲೆ ಜುಮುಕಿ ಗಿರವಿ ಇಟ್ಟರೂ ನಮ್ಮ ಹೆಂಗಸರು ಚೀಟಿ ಕೇಳುತ್ತಾರೆ. ಇಲ್ಲಿ ಚೀಟಿಯೂ ಇಲ್ಲ.

ಒತ್ತೆ ಎಂಬ ಮಾತನ್ನು ಸುಮ್ಮನೆ ಆಡಿದ್ದಲ್ಲ. ಜೀತವನ್ನು ಕಂಡ ಸೀಮೆ ನಮ್ಮದು. 1976ರಲ್ಲಿ ಅದನ್ನು ನಿಷೇಧಿಸಲು ಕಾಯಿದೆಯೇ ಬೇಕಾಯಿತು. ಆಳಿನ ಕಾಲಿಗೆ ಸರಪಳಿ ಇರಲಿಲ್ಲ, ಹೆಬ್ಬೆಟ್ಟು ಒತ್ತಿದ ಒಂದು ಪತ್ರ ಗೌಡರ ಪೆಟ್ಟಿಗೆಯಲ್ಲಿದ್ದರೆ ಸಾಕಾಗಿತ್ತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮಂಗಳೂರು, ಕಾಸರಗೋಡು ಕಡೆಯವರನ್ನು ಕೇಳಿ ನೋಡಿ. ಇಳಿದ ದಿನವೇ ಧಣಿ ಪಾಸ್‌ಪೋರ್ಟ್ ಇಸಿದುಕೊಂಡರೆ, ಸಂಬಳ ಬರದಿದ್ದರೂ ಊರಿಗೆ ಬರುವ ದಾರಿಯಿಲ್ಲ. ಕತಾರ್ 2015ರ ಕಾನೂನಿನಲ್ಲಿ ಹೀಗೆ ಹಿಡಿದಿಟ್ಟುಕೊಳ್ಳುವ ಧಣಿಗೆ 25,000 ರಿಯಾಲ್‌ವರೆಗೆ ದಂಡ ಹಾಕಿತು. ಒಂದು ರಾತ್ರಿಯ ಪ್ರವಾಸಿಯನ್ನು ಆ ಬಡಪಾಯಿಗೆ ಹೋಲಿಸುವುದು ಅತಿಯಾಯಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಕೇಳಿದ ಕೂಡಲೇ ಮರುಮಾತಿಲ್ಲದೆ ಕೊಡುವ ಕೈ ಎರಡು ಕಡೆಯೂ ಒಂದೇ.

ಕೌಂಟರಿನಲ್ಲಿ ಪುಸ್ತಕ ಅದಲುಬದಲಾದರೆ, ಕಳೆದುಹೋದರೆ, ಹೋಟೆಲಿನವನು 'ಸಾರಿ' ಎನ್ನುತ್ತಾನೆ. ಆಮೇಲಿನ ತಿರುಗಾಟ ನಿಮ್ಮದು. ಭಾಷೆ ಬಾರದ ಊರಿನ ಪೊಲೀಸ್ ಠಾಣೆಯಲ್ಲಿ ದೂರು, ಅಲ್ಲಿಂದ ನಮ್ಮ ರಾಯಭಾರ ಕಚೇರಿ ಹುಡುಕಿಕೊಂಡು ಹೋಗಿ ತುರ್ತು ಪ್ರಮಾಣಪತ್ರ. ಅದರಲ್ಲಿ ಊರಿಗೆ ವಾಪಸ್ಸು ಬರಬಹುದು, ಅಷ್ಟೇ. ಮುಂದಿನ ದೇಶ ನೋಡುವಂತಿಲ್ಲ. ವೀಸಾಗಳೂ ಪುಸ್ತಕದ ಜೊತೆಗೇ ಹೋಗಿರುತ್ತವೆ.

ಟೂರಿನವರು ಇಡೀ ಗುಂಪಿನ ಪಾಸ್‌ಪೋರ್ಟುಗಳನ್ನು ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕೆ ತುಂಬಿಕೊಳ್ಳುವುದಂತೂ ಇನ್ನೂ ಚಂದ. ಒಂದು ಚೀಲ ಹೋದರೆ ನಲವತ್ತು ಜನ ಅನಾಥರು.

ಹೊರಡುವ ಮುಂಚೆ ಫೋಟೋ ಇರುವ ಪುಟ, ವಿಳಾಸದ ಪುಟ, ವೀಸಾ ಪುಟ ಇವುಗಳ ನಾಲ್ಕಾರು ನಕಲು ಮಾಡಿಸಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಅಸಲು ತೋರಿಸಿ, ನಕಲು ಕೊಡಿ. ನಾವೇ ನಕಲು ತೆಗೆಯಬೇಕು ಎಂದರೆ ತೆಗೆಯಲಿ, ನಿಮ್ಮ ಕಣ್ಣೆದುರಿಗೆ. ಯಂತ್ರ ಒಳಗಿದೆ, ಹುಡುಗ ಊಟಕ್ಕೆ ಹೋಗಿದ್ದಾನೆ, ನೀವು ರೂಮಿಗೆ ಹೋಗಿ ಎಂದರೆ, ಹೋಗಬೇಡಿ. ಅಲ್ಲೇ ಸೋಫಾ ಇರುತ್ತದೆ, ಹುಡುಗ ಉಂಡು ಬರುವವರೆಗೆ ಕುಳಿತುಕೊಳ್ಳಿ.