ಒಂದು ಕಡೆ ಬರೆದರೆ ಎಲ್ಲ ಕಡೆ ಹೋಗಬೇಕೇ?



ಸಂಘದ ಪ್ರಕಟಣೆಯನ್ನು ಒಂದು ಕಡೆ ಹಾಕಿದರೆ ಅದು ತಾನಾಗಿಯೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲ ಕಡೆಗೂ ಹೋಗುವಂತೆ ಮಾಡಿ ಎಂದು ನಮ್ಮ ಕಿರಿಯ ಸದಸ್ಯರು ಬಹಳ ದಿನಗಳಿಂದ ಹೇಳುತ್ತಿದ್ದಾರೆ. ಅವರ ಮಾತು ನ್ಯಾಯವಾದದ್ದೇ. ತಾಳವಾಡಿಯವರು ವಾಟ್ಸ್‌ಆ್ಯಪ್ ಬಿಟ್ಟು ಬೇರೆ ನೋಡುವುದು ಕಡಿಮೆ. ಸೊಲ್ಲಾಪುರದ ಹಿರಿಯರು ಫೇಸ್‌ಬುಕ್‌ನಲ್ಲಿ ಸಿಗುತ್ತಾರೆ. ಕಾಸರಗೋಡಿನ ಕಾಲೇಜು ಮಕ್ಕಳು ಇನ್‌ಸ್ಟಾಗ್ರಾಂನಲ್ಲಿರುತ್ತಾರೆ. ಒಂದೇ ಪ್ರಕಟಣೆಯನ್ನು ನಾಲ್ಕು ಕಡೆ ಅಂಟಿಸುವ ಹೊತ್ತಿಗೆ ಅರ್ಧ ಬೆಳಗು ಕಳೆದಿರುತ್ತದೆ.

ಹಾಗಾಗಿ ಕಳೆದ ವರ್ಷ ನಾವೂ ಅಂಥದ್ದೊಂದು ವ್ಯವಸ್ಥೆಯನ್ನು ಕೆಲವು ತಿಂಗಳು ನಡೆಸಿ ನೋಡಿದೆವು. ಅಕ್ಕಲಕೋಟೆಯ ಕವಿಗೋಷ್ಠಿ ಮಳೆಯಿಂದಾಗಿ ಒಂದು ವಾರ ಮುಂದೆ ಹೋಯಿತು. ಮೂಲ ಪ್ರಕಟಣೆಯಲ್ಲಿ ದಿನಾಂಕ ತಿದ್ದಿ ನಿಶ್ಚಿಂತೆಯಿಂದ ಕುಳಿತೆವು. ಆದರೆ ಅಷ್ಟರಲ್ಲಿ ಬೇರೆ ಕಡೆಗೆ ಹೋಗಿದ್ದ ಪ್ರತಿಗಳಲ್ಲಿ ಹಳೆಯ ದಿನಾಂಕವೇ ಉಳಿದಿತ್ತು. ಜತ್ತದ ಎರಡು ಕುಟುಂಬದವರು ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿ, ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಬಂದು, ಬೀಗ ಹಾಕಿದ ಸಭಾಭವನದ ಮುಂದೆ ನಿಂತರು. ಅವರು ನಮ್ಮನ್ನು ಬಯ್ಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ತಪ್ಪು ಎಲ್ಲಿ ಆಯಿತು ಎಂದು ಆಮೇಲೆ ಕುಳಿತು ನೋಡಿದೆವು. ಇಂಥ ಸೇವೆಗಳೆಲ್ಲ ಬಹುಪಾಲು ‘ಇದು ಆದರೆ ಅದನ್ನು ಮಾಡು’ ಎಂಬ ಒಂದೇ ಸೂತ್ರದ ಮೇಲೆ ನಡೆಯುತ್ತವೆ. ಐಎಫ್‌ಟಿಟಿಟಿ ಎಂಬ ಹೆಸರಾಂತ ಸೇವೆಯ ಹೆಸರಿನ ಅರ್ಥವೂ ಹೆಚ್ಚುಕಡಿಮೆ ಅದೇ. ಹೊಸ ಬರಹ ಬಂದರೆ ಯಂತ್ರ ಎಚ್ಚೆತ್ತು ನಕಲು ಕಳಿಸುತ್ತದೆ. ಹಳೆಯ ಬರಹದ ತಿದ್ದುಪಡಿ ಅದರ ಲೆಕ್ಕದಲ್ಲಿ ಹೊಸ ಬರಹವಲ್ಲ, ಹಾಗಾಗಿ ಅದು ಏಳುವುದೇ ಇಲ್ಲ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಸುತ್ತೋಲೆ ಯಾರು ಯಾರಿಗೆ ಹೋಯಿತೆಂದು ರವಾನೆ ವಹಿಯಲ್ಲಿ ಬರೆಯುತ್ತಿದ್ದೆವು. ತಿದ್ದೋಲೆಯನ್ನು ಅದೇ ಪಟ್ಟಿ ಹಿಡಿದು ಪ್ರತಿಯೊಬ್ಬರಿಗೂ ಕಳಿಸುತ್ತಿದ್ದೆವು.

ಎರಡನೆಯ ತೊಂದರೆ ಎಂದರೆ ಈ ಸೇತುವೆಗಳು ನಮ್ಮವಲ್ಲ. 2012ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ಚಿತ್ರಗಳು ಟ್ವಿಟರ್‌ನಲ್ಲಿ ನೇರವಾಗಿ ಕಾಣುವುದು ನಿಂತು ಬರೀ ಕೊಂಡಿ ಉಳಿಯಿತು. 2018ರ ಆಗಸ್ಟ್ 1ರಿಂದ ಹೊರಗಿನ ಆ್ಯಪ್‌ಗಳು ಫೇಸ್‌ಬುಕ್‌ನ ವೈಯಕ್ತಿಕ ಖಾತೆಗಳಿಗೆ ತಾವಾಗಿ ಬರಹ ಹಾಕುವುದು ನಿಂತಿತು. ಪುಟಗಳಿಗೆ ಮತ್ತು ಗುಂಪುಗಳಿಗೆ ಮಾತ್ರ ಅವಕಾಶ ಉಳಿಯಿತು. 2023ರಲ್ಲಿ ಟ್ವಿಟರ್ ತನ್ನ ಬಾಗಿಲಿಗೆ ದರ ಕಟ್ಟಿತು. ಉಚಿತ ದಾರಿ ಕಿರಿದಾಯಿತು, ಅದರ ಮೇಲಿನ ಮೆಟ್ಟಿಲಿಗೆ ತಿಂಗಳಿಗೆ 100 ಡಾಲರ್ ಆಯಿತು. 2024ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಗುಂಪುಗಳಿಗೆ ಹೊರಗಿನಿಂದ ಕಳಿಸುವ ದಾರಿಯೂ ಮುಚ್ಚಿತು. ಓದುಗರು ತಮ್ಮ ಅಂಗಳದಲ್ಲೇ ಇರಬೇಕೆಂಬ ಆಸೆ ಪ್ರತಿ ಕಂಪನಿಗೂ ಇದೆ.

ಎಲ್ಲ ನಿರ್ಬಂಧಗಳೂ ಕೆಟ್ಟವೇನಲ್ಲ. 2018ರ ಜುಲೈನಲ್ಲಿ ಮೂರು ರಾಜ್ಯಗಳು ಕೂಡುವ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದೂಡಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಪ್ರಕಟಿಸಿದ್ದು ಅದೇ ತಿಂಗಳು. ಸಾಮಾನ್ಯ ಖಾತೆಯಿಂದ ಯಂತ್ರದ ಮೂಲಕ ಸಗಟಾಗಿ ಸಂದೇಶ ಕಳಿಸುವುದೂ ಅಲ್ಲಿ ನಿಯಮಬಾಹಿರ, ಖಾತೆಯೇ ರದ್ದಾಗಬಹುದು. ಆದ್ದರಿಂದ ಸಂಘದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಯಾವ ಹೊರಗಿನ ಸಾಧನವನ್ನೂ ಜೋಡಿಸಬೇಡಿ ಎಂದು ಕೋರುತ್ತೇವೆ.

ಮೂರನೆಯದು ನಮ್ಮ ಲಿಪಿಯ ವಿಷಯ. ಎಕ್ಸ್‌ನ ಉಚಿತ ಖಾತೆಯ ಮಿತಿ 280 ಚಿಹ್ನೆಗಳು. ‘ರಾಜ್ಯೋತ್ಸವ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರ ಮಾತ್ರ ವ್ಯಂಜನ, ಒತ್ತು, ಗುಣಿತ ಎಲ್ಲವನ್ನೂ ಬಿಡಿಸಿ ಹತ್ತು ಎಂದು ಎಣಿಸುತ್ತದೆ. ಉದ್ದದ ಬರಹವನ್ನು ಸ್ವಯಂಚಾಲಿತ ಸಾಧನ ಸಾಮಾನ್ಯವಾಗಿ ಕೊನೆಯಲ್ಲಿ ಕತ್ತರಿಸುತ್ತದೆ. ನಮ್ಮ ಸಂಘಗಳ ಆಹ್ವಾನದಲ್ಲಿ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಸನ್ಮಾನಿತರು ಎಲ್ಲರೂ ಮೊದಲು ಬರುತ್ತಾರೆ, ದಿನಾಂಕ ಮತ್ತು ಸ್ಥಳ ಕೊನೆಗೆ. ಕತ್ತರಿ ಬೀಳುವುದು ಅಲ್ಲಿಗೇ. ಗಣ್ಯರು ಕ್ಷಮಿಸಬೇಕು, ಇನ್ನು ಮುಂದೆ ದಿನಾಂಕ, ಸಮಯ, ಸ್ಥಳ ಮೊದಲ ಸಾಲಿನಲ್ಲಿರುತ್ತವೆ.

ಯಂತ್ರವನ್ನು ಪೂರ್ತಿ ಬಿಡುವ ಉದ್ದೇಶ ನಮಗಿಲ್ಲ. ಮುಗಿದ ಕಾರ್ಯಕ್ರಮದ ವರದಿ, ಚಿತ್ರ, ಪುಸ್ತಕ ಪರಿಚಯ ಇವು ತಾನಾಗಿ ಹೋಗಲಿ. ತಡವಾದರೂ ತಪ್ಪಾದರೂ ಯಾರೂ ಬೀದಿಯಲ್ಲಿ ನಿಲ್ಲುವುದಿಲ್ಲ. ದಿನಾಂಕ ಮತ್ತು ಗಡುವು ಇರುವ ಪ್ರಕಟಣೆಗಳು ಮಾತ್ರ ಕೈಯಿಂದಲೇ ಹೋಗಬೇಕು. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಕೋಟಾ ಕೇಳುವ ಮಕ್ಕಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆ ದಿನಾಂಕ ಒಬ್ಬ ಹುಡುಗಿಗೆ ತಪ್ಪಾಗಿ ತಲುಪಿದರೆ ಹೋಗುವುದು ಬಸ್ಸಿನ ಖರ್ಚಷ್ಟೇ ಅಲ್ಲ, ಆ ವರ್ಷದ ಸೀಟು.

ಇನ್ನು ಮುಂದಿನ ಕ್ರಮ ಹೀಗಿರುತ್ತದೆ. ಮೂಲ ಪ್ರಕಟಣೆ ಸದಾ ಈ ಪುಟದಲ್ಲೇ ಇರುತ್ತದೆ. ಬೇರೆಡೆಯ ಪ್ರತಿಗಳಲ್ಲಿ ಇದರ ಕೊಂಡಿ ಮತ್ತು ಪ್ರಕಟವಾದ ದಿನಾಂಕ ಇರುತ್ತವೆ. ಬದಲಾವಣೆಯಾದರೆ ಹಳೆಯದನ್ನು ತಿದ್ದುವುದರ ಜೊತೆಗೆ ‘ತಿದ್ದುಪಡಿ’ ಎಂಬ ತಲೆಬರಹದ ಹೊಸ ಪ್ರಕಟಣೆ ಎಲ್ಲ ಕಡೆಗೂ ಹೋಗುತ್ತದೆ. ಪ್ರತಿ ಊರಿನಲ್ಲಿ ಒಬ್ಬರು ಅದನ್ನು ತಮ್ಮ ಗುಂಪಿಗೆ ಹಾಕಿ, ‘ತಲುಪಿತು’ ಎಂದು ನಮಗೆ ತಿಳಿಸಬೇಕು. ಫೋನ್ ಇಲ್ಲದ ಹಿರಿಯರಿದ್ದರೆ ಅವರ ಮನೆಗೆ ಹೋಗಿ ಹೇಳುವ ಹೊಣೆಯೂ ಅವರದ್ದೇ.

ಹೊಸೂರು, ಆದೋನಿ, ಮಡಕಶಿರಾ ಕಡೆಯಿಂದ ಈ ಕೆಲಸಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ. ಮುಂದಿನ ಕಾರ್ಯಕಾರಿ ಸಭೆಯೊಳಗೆ ದಯವಿಟ್ಟು ನಿಮ್ಮ ಹೆಸರು ಕೊಡಿ.

— ಕಾರ್ಯದರ್ಶಿ