ಕಿವಿ ಯಾರದು, ನಕ್ಷತ್ರ ಯಾರದು?
ವಿಜಯಪುರದಿಂದ ಟಿಕೋಟಾಕ್ಕೆ ಹೊರಟ ಬಸ್ಸು. ಕಿವಿಯಲ್ಲಿ ನಿಯತಕಾಲಿಕವೊಂದು ಐದಕ್ಕೆ ಐದು ನಕ್ಷತ್ರ ಕೊಟ್ಟ ದುಬಾರಿ ಇಯರ್‌ಫೋನ್. ಮಲ್ಲಿಕಾರ್ಜುನ ಮನ್ಸೂರರ ದನಿ ಸ್ವಚ್ಛ, ತಬಲಾದ ಎಡಗೈಯ ಡಗ್ಗಾ ಮಾತ್ರ ನಾಪತ್ತೆ. ರೊಕ್ಕ ನೀರಾಗ ಹೋತು ಅಂದುಕೊಂಡೆ. ತೊರವಿ ಹತ್ತಿರ ಬರುವಾಗ, ಸುಮ್ಮನೆ ಕೂರಲಾರದೆ, ಸಿಲಿಕೋನ್ ತುದಿ ಕಿತ್ತು ಒಂದಳತೆ ದೊಡ್ಡದನ್ನು ಸಿಕ್ಕಿಸಿ ತುಸು ತಿರುಚಿದೆ: ಗುಮ್ ಎಂದಿತು ಡಗ್ಗಾ! ಕಿವಿಯ ನಾಳ ಬಿಗಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ತಗ್ಗಿನ ನಾದವೇ. ಅಂದರೆ ವಿಮರ್ಶಕ ನಕ್ಷತ್ರ ಎಣಿಸಿದ್ದು ತನ್ನ ಕಿವಿಯ ನಾಳಕ್ಕೆ, ನನ್ನದಕ್ಕಲ್ಲ. ಶೂರ್ ಕಂಪನಿಯ ಎಸ್‌ಇ846 ಒಂದೊಂದು ಕಿವಿಗೆ ನಾಲ್ಕು ಡ್ರೈವರ್, ಅಂದರೆ ಪುಟ್ಟ ಸ್ಪೀಕರ್, ತುರುಕುತ್ತದೆ. ತುದಿ ಕೂರದಿದ್ದರೆ ನಾಲ್ಕೂ ದಂಡ. ಬಬಲೇಶ್ವರದ ಗೆಳೆಯನಿಗೆ ಇದನ್ನು ವಿವರಿಸಿದರೆ, ತನ್ನ ಮುನ್ನೂರು ರೂಪಾಯಿಯ ಜೋಡಿ ತೋರಿಸಿ ನಕ್ಕ. ನಾದದ ಹುಚ್ಚು ಈ ನೆಲಕ್ಕೆ ಹೊಸದೇನಲ್ಲ: ಇದೇ ತೊರವಿಯಲ್ಲಿ ಸಂಗೀತಕ್ಕೆಂದೇ ನವರಸಪುರವೆಂಬ ಊರು ಕಟ್ಟಲು ಹೊರಟ ದೊರೆ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಅವನ ಮಗನ ಗೋಳಗುಮ್ಮಟದಲ್ಲಿ ಪಿಸುಮಾತು ಆಚೆ ಗೋಡೆಯವರೆಗೂ ಕೇಳುತ್ತದೆ, ಹಾಡಿದರೆ ಮಾತ್ರ ಮಾರ್ದನಿಗಳ ಸಂತೆ. ಅದಕ್ಕೆಷ್ಟು ನಕ್ಷತ್ರ ಕೊಡುತ್ತಿದ್ದರೋ ಈ ಪತ್ರಿಕೆಯವರು!